ದಾನವೋ, ಪಾಲೋ?

1

ನನ್ನ ಅಣ್ಣನ ಮನೆ ನಮ್ಮ ಕೇರಿಯ ಕೊನೇ ಮನೆ. ಅದರ ಎದುರಿಗೆ ಇರೋದು ಊರಿನ ಕೊನೇ ಮನೆ. ನಡುವೆ ಒಂದು ಗಾಡಿಜಾಡು, ಒಂದು ಚರಂಡಿ. ಅಳೆದರೆ ಇಪ್ಪತ್ತೈದು ಅಡಿ ಆದೀತು. ಊರು ಅಲ್ಲಿಗೆ ಮುಗಿಯುತ್ತದೆ, ಕೇರಿ ಅಲ್ಲಿಂದ ಶುರುವಾಗುತ್ತದೆ.

ಈ ಇಪ್ಪತ್ತೈದು ಅಡಿ ದಾಟಿ ಆ ಕಡೆಯಿಂದ ಈ ಕಡೆಗೆ ತಲೆಮಾರುಗಳಿಂದ ಏನೇನು ಬಂದಿದೆ ಅಂತ ಲೆಕ್ಕ ಹಾಕಿದ್ದೇನೆ. ಹಬ್ಬದ ಮಾರನೇ ದಿನದ ತಂಗಳು. ಹಳೇ ಬಟ್ಟೆ. ಬೆಳಗಿನ ಜಾವದ ಕೂಗು. ಬೈಗುಳ. ಈ ಕಡೆಯಿಂದ ಆ ಕಡೆಗೆ ಹೋದದ್ದು ದುಡಿಮೆ ಮಾತ್ರ. 2021ರಲ್ಲಿ ಹೊಸದೊಂದು ಬಂತು. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು. ವೈಫೈ.

ಕೊರೋನಾ ಕಾಲ. ಕಾಲೇಜುಗಳ ಬಾಗಿಲು ಮುಚ್ಚಿತ್ತು. ಅಣ್ಣನ ಮಗಳು ಆಗ ಬಿ.ಎಸ್ಸಿ. ಮೊದಲ ವರ್ಷ. ಪಾಠವೆಲ್ಲ ಫೋನಿನಲ್ಲಿ. ನಮ್ಮ ಕೇರಿಯೊಳಗೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಪಂಪ್‌ಸೆಟ್ಟಿನ ಹತ್ತಿರದ ದಿಬ್ಬ ಹತ್ತಿದರೆ ಎರಡು ಗೀಟು ಬರುತ್ತದೆ. ಹೆಣ್ಣುಮಗಳು ಒಬ್ಬಳೇ ದಿಬ್ಬದ ಮೇಲೆ ದಿನಾ ಎಷ್ಟು ಹೊತ್ತು ಕೂತಾಳು? ಅಷ್ಟರಲ್ಲಿ ಊರಿನೊಳಕ್ಕೆ ಫೈಬರ್ ಕೇಬಲ್ ಎಳೆದರು. ಊರಿನ ಕೊನೇ ಮನೆಯವರೆಗೂ ಬಂತು. ಅಣ್ಣ ಲೈನಿನ ಹುಡುಗನನ್ನು ಕೇಳಿದ. ಕೇರಿಯಲ್ಲಿ ನಾಲ್ಕೈದು ಕನೆಕ್ಷನ್ ಆದರೆ ಎಳೀತೀವಿ, ಒಂದಕ್ಕೆ ಆಗಲ್ಲ ಅಂದ. ಆಗ ನಮ್ಮ ಕೇರಿಯಲ್ಲಿ ತಿಂಗಳಿಗೆ 499 ರೂಪಾಯಿ, ಅದರ ಮೇಲೆ ಶೇಕಡ 18ರ ತೆರಿಗೆ, ಒಟ್ಟು 589 ಕಟ್ಟಬಲ್ಲ ನಾಲ್ಕು ಮನೆ ಎಲ್ಲಿ ಹುಡುಕುವುದು?

ನಮ್ಮೂರೊಂದರದೇ ಕತೆ ಅಂತ ತಿಳಿಯಬೇಡಿ. ಕೊರೋನಾಕ್ಕೆ ಮುಂಚೆ, 2017-18ರಲ್ಲಿ, ಸರಕಾರದ್ದೇ ಸ್ಯಾಂಪಲ್ ಸರ್ವೆ ನಡೆಯಿತು. ಅದರ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ 15 ಮನೆಗೂ ಇಲ್ಲ. ಪೇಟೆಗಳಲ್ಲಿ 42. ಇದು ಗೊತ್ತಿದ್ದೂ ಪಾಠವನ್ನು ಫೋನಿಗೆ ಹಾಕಿದರು. ನಾನು ಸರಕಾರಿ ಶಾಲೆ ಮೇಷ್ಟ್ರು. 2020ರಲ್ಲಿ ವಿದ್ಯಾಗಮ ಅಂತ ಮರದಡಿ, ಗುಡಿ ಮುಂದೆ, ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದವನು. ಯಾರ ಪಡಸಾಲೆಗೆ ಯಾರ ಮಕ್ಕಳು ಬರಬಹುದು ಅನ್ನುವ ಪ್ರಶ್ನೆ ಆಗಲೂ ಎದ್ದಿತ್ತು. ಆ ಮಾತು ಇನ್ನೊಂದು ಸಲ.

ಎದುರುಮನೆ ಗೌಡರ ಮಗ ನಮ್ಮ ಹುಡುಗಿಯ ಕಾಲೇಜಿನವನೇ. ಒಳ್ಳೇ ಹುಡುಗ. ಅವನೇ ಕರೆದು ಪಾಸ್‌ವರ್ಡ್ ಹೇಳಿದ. ರೂಟರನ್ನು ನಡುಮನೆಯಿಂದ ಬೀದಿ ಕಡೆಯ ಕಿಟಕಿಗೆ ತಂದಿಟ್ಟ. ಆದರೂ ಅಣ್ಣನ ಮನೆಯೊಳಕ್ಕೆ ಅದು ಸರಿಯಾಗಿ ನುಗ್ಗಲಿಲ್ಲ. ದಪ್ಪ ಮಣ್ಣಿನ ಗೋಡೆ ತರಂಗವನ್ನು ಹೀರುತ್ತದೆ, ಗೋಡೆ ನೆನೆದಿದ್ದರೆ ಇನ್ನೂ ಹೆಚ್ಚು. ತಗಡು ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹುಡುಗಿ ಜಗಲಿ ಮೇಲೆ, ಅವರ ಕಿಟಕಿಗೆ ಮುಖ ಮಾಡಿ ಕೂತು ಪಾಠ ಕೇಳಿದಳು. ಮಳೆ ಬಂದರೆ ತಲೆ ಮೇಲೆ ಗೋಣಿಚೀಲ.

ಅಣ್ಣನಿಗೆ ಸುಮ್ಮನೆ ಇಸ್ಕೊಳ್ಳೋದು ಮನಸ್ಸಿಗೆ ಬರಲಿಲ್ಲ. ತಿಂಗಳ ಕೊನೆಗೆ ಮುನ್ನೂರು ರೂಪಾಯಿ ಹಿಡಿದು ಗೌಡರ ಅಂಗಳಕ್ಕೆ ಹೋದ.

‘ಗೌಡ್ರೆ, ಅರ್ಧ ನಮ್ದು ಇಟ್ಕಳಿ.’

‘ತೆಗಿಯಲಾ ಅತ್ಲಾಗೆ. ದುಡ್ಡು ಯಾರ್ಗೆ ಬೇಕಾಗದೆ? ಮಗ ಓದ್ಕಳ್ಳಿ ಬುಡು.’

ಅಣ್ಣ ಬಂದು ಸಂತೋಷದಿಂದ ಹೇಳಿದ. ‘ಕಾಲ ಬದಲಾಯ್ತು ಕಣಪ್ಪ. ಗೌಡ್ರು ದೊಡ್ಡ ಮನುಸ್ರು.’

ನನಗೂ ಆಗ ಹಾಗೇ ಅನ್ನಿಸಿತು. ಅದು ಎಲ್ಲಿ ತಪ್ಪಿತು ಅನ್ನುವುದನ್ನು ಯೋಚನೆ ಮಾಡುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

2

ಪೇಟೆಯ ಗೆಳೆಯರೊಬ್ಬರು ಈ ಕತೆ ಕೇಳಿ ಕುಣಿದಾಡಿದರು. ‘ನೋಡಿ ಮೇಷ್ಟ್ರೆ, ತರಂಗಕ್ಕೆ ಜಾತಿ ಇಲ್ಲ! ನೀವು ನಲವತ್ತು ವರ್ಷ ಭಾಷಣ ಮಾಡಿ ಮಾಡದ್ದನ್ನು ಒಂದು ಸಣ್ಣ ಬಾಕ್ಸು ಮಾಡಿಬಿಡ್ತು’ ಅಂದರು.

ತರಂಗಕ್ಕೆ ಜಾತಿಯಿಲ್ಲ ಅನ್ನುವುದು ನಿಜ. ವೈಫೈ ಬಳಸುವ ತರಂಗ 2.4 ಗಿಗಾಹರ್ಟ್ಸ್‌ನದಾದರೆ ಅದರ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣೂ ಇಲ್ಲ. 5 ಗಿಗಾಹರ್ಟ್ಸ್‌ನದಾದರೆ ಅದರಲ್ಲೂ ಅರ್ಧ. ಅದಕ್ಕೆ ಗೌಡರ ಗೋಡೆಯೂ ಒಂದೇ, ನಮ್ಮ ಗೋಡೆಯೂ ಒಂದೇ. ಆದರೆ ಗಾಳಿಗೆ ಜಾತಿಯಿತ್ತೆ? ಬಿಸಿಲಿಗೆ ಇತ್ತೆ? ಒಂದೇ ಗಾಳಿಯನ್ನು ಇಬ್ಬರೂ ಸಾವಿರಾರು ವರ್ಷ ಉಸಿರಾಡಿದ್ದೇವೆ. ಅದರಿಂದ ಯಾವ ಬಾಗಿಲು ತೆರೆಯಿತು?

ಇಂಥ ಆಸೆ ಹಳೆಯದು. 1853ರಲ್ಲಿ ಮಾರ್ಕ್ಸ್ ಅಮೆರಿಕದ ಪತ್ರಿಕೆಯೊಂದಕ್ಕೆ ಇಂಡಿಯಾದ ಬಗ್ಗೆ ಬರೆಯುತ್ತಾ, ರೈಲಿನ ಜೊತೆ ಬೆಳೆಯುವ ಕೈಗಾರಿಕೆ ಜಾತಿಗಳಿಗೆ ಆಧಾರವಾದ ವಂಶಪಾರಂಪರ್ಯದ ಕಸುಬುಗಳನ್ನು ಕರಗಿಸುತ್ತದೆ ಅಂದಿದ್ದ. ಅದಾಗಿ ನಲವತ್ತೆಂಟು ವರ್ಷಕ್ಕೆ, 1901ರಲ್ಲಿ, ಒಂಬತ್ತು ವರ್ಷದ ಹುಡುಗನೊಬ್ಬ ಮನೆಯ ಮಕ್ಕಳ ಜೊತೆ ಅಪ್ಪನನ್ನು ನೋಡಲು ಅದೇ ರೈಲಿನಲ್ಲಿ ಹೊರಟ. ಸಾತಾರಾ ಕಡೆಯ ಮಸೂರು ಸ್ಟೇಷನ್ನಿನಲ್ಲಿ ಇಳಿದ. ರೈಲೇನೋ ಅವನನ್ನು ಹತ್ತಿಸಿಕೊಂಡಿತ್ತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ ಬೇಕು. ಮಕ್ಕಳು ಮಹಾರರು ಅಂತ ಗೊತ್ತಾದದ್ದೇ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಡುತ್ತೇವೆ ಅಂದಮೇಲೆ ಒಬ್ಬ ಒಪ್ಪಿದ. ಒಂದು ಷರತ್ತು: ಗಾಡಿಯನ್ನು ಮಕ್ಕಳೇ ಹೊಡೆದುಕೊಳ್ಳಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ. ಆ ಹುಡುಗ ಮುಂದೆ ಬಾಬಾಸಾಹೇಬ ಅಂಬೇಡ್ಕರ್ ಆದ. ಆ ದಿನದ ಹಸಿವು, ಬಾಯಾರಿಕೆ, ಭಯವನ್ನು ‘ವೇಟಿಂಗ್ ಫಾರ್ ಎ ವೀಸಾ’ ಅನ್ನುವ ಆತ್ಮಕಥನದಲ್ಲಿ ಬರೆದಿಟ್ಟರು.

ಆ ಗಾಡಿಯವನನ್ನು ಸ್ವಲ್ಪ ಯೋಚಿಸಿ ನೋಡಿ. ಗಾಡಿ ಕೊಟ್ಟ. ಎತ್ತು ಕೊಟ್ಟ. ಜೊತೆಗೆ ನಡೆದ. ಅವನ ಷರತ್ತು ಕೊಡದೆ ಇದ್ದದ್ದು ಒಂದೇ, ಪಕ್ಕದ ಜಾಗ. ಆ ಷರತ್ತಿನಲ್ಲಿ ಸೇವೆ ಇತ್ತು, ಸ್ಪರ್ಶ ಇರಲಿಲ್ಲ. ಮುಟ್ಟದೇ ಕೊಡುವ ಉಪಾಯ ಹುಡುಕುವುದರಲ್ಲಿ ನಮ್ಮ ಸಮಾಜ ಎತ್ತಿದ ಕೈ. ನೀರನ್ನು ಮೇಲಿಂದ ಬೊಗಸೆಗೆ ಹೊಯ್ಯುವುದು, ಕೂಲಿಯ ದುಡ್ಡನ್ನು ನೆಲಕ್ಕೆ ಹಾಕುವುದು, ಅನ್ನವನ್ನು ಸೆರಗಿಗೆ ಎಸೆಯುವುದು, ಎಲ್ಲ ಅದೇ ಉಪಾಯಗಳು.

ಈಗ ವೈಫೈಯನ್ನು ನೋಡಿ. ಬೊಗಸೆಯೂ ಬೇಡ, ಸೆರಗೂ ಬೇಡ. ಕೊಡುವವನು ತನ್ನ ನಡುಮನೆಯಲ್ಲೇ ಇರುತ್ತಾನೆ, ಇಸ್ಕೊಳ್ಳುವವನು ತನ್ನ ಜಗಲಿಯಲ್ಲೇ ಇರುತ್ತಾನೆ. ಮುಟ್ಟದೇ ಕೊಡುವುದಕ್ಕೆ ಇದಕ್ಕಿಂತ ಚೊಕ್ಕಟವಾದ ದಾರಿ ಯಾವ ಮಠದವರಿಗೂ ಹೊಳೆದಿರಲಿಲ್ಲ. ಆದ್ದರಿಂದ ಗೌಡರು ಕೊಟ್ಟರು ಅನ್ನುವುದರಿಂದಲೇ ಕಾಲ ಬದಲಾಯಿತು ಅನ್ನಲು ನನಗೆ ಧೈರ್ಯ ಸಾಲದು. ಅವರು ಒಳ್ಳೆಯವರು ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯತನ ಪರೀಕ್ಷೆಗೆ ಬೀಳುವ ಜಾಗಕ್ಕೆ ನಾವಿನ್ನೂ ಬಂದಿರಲಿಲ್ಲ.

3

ಮೂರನೇ ತಿಂಗಳಲ್ಲಿ ಒಂದು ದಿನ ಗೌಡರ ಗದ್ದೆಯಲ್ಲಿ ಕಬ್ಬು ಕಡಿಯೋದಿತ್ತು. ಅಣ್ಣ ಅವತ್ತು ಪೇಟೆಯಲ್ಲಿ ಗಾರೆ ಕೆಲಸಕ್ಕೆ ಒಪ್ಪಿಕೊಂಡಿದ್ದ. ಅಲ್ಲಿ ಕೂಲಿ ಹೆಚ್ಚು. ಗೌಡರಿಗೆ ಬರಕ್ಕಾಗಲ್ಲ ಅಂತ ಹೇಳಿ ಕಳಿಸಿದ.

ಮಾರನೇ ದಿನ ಬೆಳಿಗ್ಗೆ ಫೋನಿನಲ್ಲಿ ಪಾಸ್‌ವರ್ಡ್ ತಪ್ಪು ಅಂತ ಬಂತು.

ಯಾರೂ ಬೈಯಲಿಲ್ಲ, ಜಗಳಕ್ಕೂ ಬರಲಿಲ್ಲ. ಹುಡುಗಿ ಕೇಳಿದ್ದಕ್ಕೆ ಗೌಡರ ಮಗ, ‘ಕಂಪನಿಯವರು ರೀಸೆಟ್ ಮಾಡವ್ರೆ, ಅಪ್ಪನ್ನ ಕೇಳಿ ಹೇಳ್ತೀನಿ’ ಅಂದ. ನಿಜವೂ ಇರಬಹುದು. ಬಾಕ್ಸುಗಳು ಹಾಗೆ ಮಾಡುತ್ತವೆ. ಆದರೆ ಅಣ್ಣ ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಕು ಹರಿಯೋ ಮುಂಚೆ ಕುಡುಗೋಲು ಹಿಡಿದು ಗೌಡರ ಗದ್ದೆಗೆ ಹೋದ. ಯಾರೂ ಕರೆದಿರಲಿಲ್ಲ. ಸಂಜೆಗೆ ಹೊಸ ಪಾಸ್‌ವರ್ಡ್ ಬಂತು.

ಗೌಡರು ಬೇಕೆಂದೇ ಬದಲಾಯಿಸಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ನನಗೆ ಮುಖ್ಯವೂ ಅಲ್ಲ. ಇನ್ನೊಬ್ಬನ ಮನಸ್ಸಿನಲ್ಲಿ ಏನಿದೆಯೋ ಅಂತ ಊಹೆ ಮಾಡುತ್ತಾ, ಆ ಊಹೆಗೆ ತಕ್ಕಂತೆ ಬೆನ್ನು ಬಗ್ಗಿಸುವ ಸ್ಥಿತಿ ಇದೆಯಲ್ಲ, ಅದಕ್ಕೆ ನಮ್ಮ ಅಪ್ಪನ ಕಾಲದಲ್ಲಿ ಜೀತ ಅನ್ನುತ್ತಿದ್ದರು. 1976ರಲ್ಲಿ ಜೀತ ರದ್ದಿನ ಕಾಯಿದೆ ಬಂತು. ಮುಂಗಡ ಸಾಲಕ್ಕೆ ದುಡಿಸಿಕೊಳ್ಳುವುದು ಅಪರಾಧವಾಯಿತು. ಆದರೆ ಗೌಡರು ಮುನ್ನೂರು ರೂಪಾಯಿ ಬೇಡ ಅಂದ ದಿನವೇ ಅಣ್ಣನ ಮನಸ್ಸಿನಲ್ಲಿ ಒಂದು ಸಾಲದ ಲೆಕ್ಕ ಶುರುವಾಗಿತ್ತು. ಆ ಸಾಲಕ್ಕೆ ಪತ್ರವಿಲ್ಲ, ಬಡ್ಡಿ ದರವಿಲ್ಲ, ಕೊನೆಯ ಕಂತೂ ಇಲ್ಲ.

ಮುನ್ನೂರು ರೂಪಾಯಿ ಇಸ್ಕೊಂಡಿದ್ದರೆ ಏನಾಗುತ್ತಿತ್ತು? ಅಣ್ಣ ಪಾಲುದಾರ ಆಗುತ್ತಿದ್ದ. ಪಾಸ್‌ವರ್ಡ್ ಬದಲಾದರೆ, ‘ಯಾಕ್ ಗೌಡ್ರೆ, ಅರ್ಧ ದುಡ್ಡು ಕೊಟ್ಟಿಲ್ವಾ?’ ಅಂತ ಅಂಗಳದಲ್ಲಿ ನಿಂತು ಕೇಳುತ್ತಿದ್ದ. ದುಡ್ಡು ಬೇಡ ಅಂದಾಗ ಗೌಡರು ಬಿಟ್ಟುಕೊಟ್ಟದ್ದು ಮುನ್ನೂರು ರೂಪಾಯಿ, ಉಳಿಸಿಕೊಂಡದ್ದು ಯಜಮಾನಿಕೆ. ಅವರಿಗೇ ಇದು ಗೊತ್ತಿರಲಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಪದ್ಧತಿಗೆ ನಮ್ಮ ಅರಿವು ಬೇಕಿಲ್ಲ. ಅದು ಅಭ್ಯಾಸದಿಂದಲೇ ನಡೆಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ‘ಅವರ ದುಡ್ಡು, ಅವರ ಬಾಕ್ಸು. ಕೊಡೋದು ಬಿಡೋದು ಅವರಿಷ್ಟ. ಕೊಟ್ಟದ್ದಕ್ಕೂ ತಪ್ಪು ಹುಡುಕಿದರೆ ಮುಂದೆ ಯಾರು ಕೊಡುತ್ತಾರೆ?’

ಅವರದ್ದು ಏನೇನು ಅಂತ ಬಿಡಿಸಿ ನೋಡೋಣ. ಬಾಕ್ಸು ಅವರದ್ದು, ಒಪ್ಪಿದೆ. ತಿಂಗಳ ಬಿಲ್ಲು ಅವರದ್ದು, ಒಪ್ಪಿದೆ. ಕೇಬಲ್ಲು ಬಂದದ್ದು ಯಾರ ಕಂಬದ ಮೇಲೆ? ಕರೆಂಟಿನ ಸಾರ್ವಜನಿಕ ಕಂಬದ ಮೇಲೆ, ಸಾರ್ವಜನಿಕ ರಸ್ತೆಯ ಪಕ್ಕ. ಕಿಟಕಿಯಿಂದ ಹೊರಟ ತರಂಗ ಯಾರದ್ದು? 1995ರಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಹೇಳಿತು. ಅದರಲ್ಲೂ 2.4 ಗಿಗಾಹರ್ಟ್ಸ್‌ನ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ 2005ರಲ್ಲಿ ಸರಕಾರವೇ ಬಿಟ್ಟುಕೊಟ್ಟಿದೆ. ಅಂದರೆ ನಮ್ಮ ಎರಡು ಮನೆ ನಡುವಿನ ಇಪ್ಪತ್ತೈದು ಅಡಿ ಗಾಳಿಯಲ್ಲಿ ಆ ತರಂಗ ಓಡಾಡುವುದಕ್ಕೆ ಯಾವ ಕಂಪನಿಯೂ ಹರಾಜಿನಲ್ಲಿ ಕೂಗಿ ದುಡ್ಡು ಕಟ್ಟಿಲ್ಲ. ಅದು ಗೋಮಾಳದ ಹಾಗೆ.

ಇನ್ನೂ ಒಂದು ಮಾತು. ಬಾವಿಯ ನೀರು ಸೇದಿದಷ್ಟು ಕಡಿಮೆಯಾಗುತ್ತದೆ. ಇದು ಹಾಗಲ್ಲ. ಫೋನಿನಲ್ಲಿ ಒಂದು ವಿಡಿಯೊ ಪಾಠಕ್ಕೆ ಸೆಕೆಂಡಿಗೆ ಒಂದೆರಡು ಎಂಬಿಪಿಎಸ್ ವೇಗ ಸಾಕು. ಗೌಡರ ಲೈನು ನಲವತ್ತು ಎಂಬಿಪಿಎಸ್‌ನದ್ದು. ಅವರ ಮನೆಯವರು ಗದ್ದೆಯಲ್ಲಿರುವ ಹೊತ್ತಿನಲ್ಲಿ ಅದು ಸುಮ್ಮನೆ ಉರಿಯುವ ದೀಪ. ಆ ಬೆಳಕಿನಲ್ಲಿ ಬೀದಿಯ ಮಗು ಓದಿದರೆ ಎಣ್ಣೆ ಹೆಚ್ಚು ಸುಡುವುದಿಲ್ಲ.

ಹಾಗಂತ ಕೊಡುವವನಿಗೆ ಕಷ್ಟವೇ ಇಲ್ಲ ಅಂತಲೂ ಹೇಳಲಾರೆ. ಕಂಪನಿಯ ಕರಾರಿನಲ್ಲಿ ಸಂಪರ್ಕವನ್ನು ಮನೆಯಾಚೆಗೆ ಹಂಚಬಾರದು ಅಂತ ಬರೆದಿರುವುದುಂಟು. ಲಾಭಕ್ಕೆ ಮಾರಲು ಪರವಾನಗಿ ಬೇಕು. ಆ ಲೈನಿನಲ್ಲಿ ಯಾರಾದರೂ ಕೆಟ್ಟದ್ದು ಮಾಡಿದರೆ ಪೊಲೀಸರು ಮೊದಲು ಬಂದು ನಿಲ್ಲುವುದು ಯಾರ ಆಧಾರ್ ಕೊಟ್ಟು ಕನೆಕ್ಷನ್ ತಗೊಂಡಿದ್ದಾರೋ ಅವರ ಮನೆ ಮುಂದೆ. ಈ ಭಯ ಸುಳ್ಳಲ್ಲ. ಪಾಲು ಕೇಳುವವನು ಈ ಹೊಣೆಯಲ್ಲೂ ಪಾಲು ತಗೋಬೇಕು. ಅತಿಥಿಗಳಿಗೆ ಅಂತ ಬೇರೆ ಪಾಸ್‌ವರ್ಡ್ ಇಡುವ ವ್ಯವಸ್ಥೆ ಈಗಿನ ಎಷ್ಟೋ ರೂಟರುಗಳಲ್ಲಿದೆ. ಯಾವ ಫೋನುಗಳು ಸೇರಿಕೊಂಡಿವೆ ಅಂತ ನೋಡಬಹುದು. ಇಬ್ಬರೂ ಕೂತು ನೋಡಬಹುದು. ಆದರೆ ‘ಇಬ್ಬರೂ ಕೂತು’ ಅನ್ನುವ ಮಾತು ಬಂದದ್ದೇ ಪ್ರಶ್ನೆ ಬೇರೆಯಾಗುತ್ತದೆ. ಎಲ್ಲಿ ಕೂತು?

4

ಎಲ್ಲಿ ಅನ್ನುವುದು ಗೊತ್ತಾದದ್ದು ಆ ವರ್ಷದ ಕೊನೆಗೆ.

ಗೌಡರ ಮನೆಯವರೆಲ್ಲ ನೆಂಟರ ಮದುವೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬರೇ. ನಮ್ಮ ಹುಡುಗಿಗೆ ಅವತ್ತು ಹನ್ನೊಂದು ಗಂಟೆಗೆ ಫೋನಿನಲ್ಲೇ ಇಂಟರ್ನಲ್ ಟೆಸ್ಟು. ಹತ್ತೂವರೆಗೆ ಕರೆಂಟು ಹೋಗಿ ಬಂತು. ರೂಟರ್ ಹ್ಯಾಂಗ್ ಆಯಿತು. ಒಂದು ಸಲ ಸ್ವಿಚ್ ಆರಿಸಿ, ಸ್ವಲ್ಪ ಬಿಟ್ಟು ಮತ್ತೆ ಹಾಕಿದರೆ ಸರಿಹೋಗುತ್ತದೆ. ಎಲ್ಲರಿಗೂ ಗೊತ್ತಿರುವ ವಿದ್ಯೆ. ಅರ್ಧ ನಿಮಿಷದ ಕೆಲಸ.

ಹುಡುಗಿ ಗಾಡಿಜಾಡು ದಾಟಿ ಗೌಡರ ಬಾಗಿಲಿಗೆ ಹೋದಳು.

‘ಅಜ್ಜೀ, ಕಿಟಕೀಲಿ ಇರೋ ಬಾಕ್ಸಿನ ಸ್ವಿಚ್ಚು ಒಂದ್ಸಲ ಆಫ್ ಮಾಡಿ ಹಾಕ್ಬೇಕು.’

‘ನಂಗೆ ಅದೆಲ್ಲ ತಿಳಿಯಕಿಲ್ಲ ಕನವ್ವ. ಕರೆಂಟು ಹೊಡೆದ್ರೆ?’

‘ನಾನೇ ಬಂದು ಹಾಕ್ತೀನಿ ಅಜ್ಜಿ. ಒಂದ್ ನಿಮಿಷ.’

ಅಜ್ಜಿ ಏನೂ ಹೇಳಲಿಲ್ಲ. ಹೊಸ್ತಿಲ ಮೇಲೆ ನಿಂತರು. ಬಾಗಿಲ ಎರಡೂ ಕಡೆ ಕೈ ಊರಿದರು. ಕೆಟ್ಟವರಲ್ಲ ಆ ಅಜ್ಜಿ. ನಮ್ಮ ಹುಡುಗಿ ಹುಟ್ಟಿದಾಗ ಅಂಗಳದವರೆಗೂ ಬಂದು ಬೆಲ್ಲ ಕೊಟ್ಟು ಹೋದವರು. ಅವತ್ತು ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು ಅಂತ ಹುಡುಗಿಯೇ ಹೇಳುತ್ತಾಳೆ. ಹೊರಗೆ ನಿಂತುಕೊಂಡೇ ಅವಳು ಕೂಗಿ ಕೂಗಿ ಹೇಳಿದಳು. ಕಪ್ಪು ಬಾಕ್ಸು, ಹಸಿರು ದೀಪ, ಅದರ ವೈರು ಹಿಡಕೊಂಡು ಹೋದರೆ ಬಿಳಿ ಸ್ವಿಚ್ಚು. ಅಜ್ಜಿ ಕಿಟಕಿಯವರೆಗೂ ಹೋಗಿ ಕೈ ಚಾಚಿ ಚಾಚಿ ಹಿಂದಕ್ಕೆ ತಗೊಂಡರು. ಹನ್ನೊಂದು ಗಂಟೆ ಆಯಿತು. ಹನ್ನೊಂದೂವರೆ ಆಯಿತು. ಟೆಸ್ಟು ಮುಗಿಯಿತು.

ತರಂಗ ಒಂದು ಕ್ಷಣದಲ್ಲಿ ದಾಟಿದ್ದ ಇಪ್ಪತ್ತೈದು ಅಡಿಯನ್ನು ಒಂದು ಹುಡುಗಿಯ ಪಾದ ದಾಟಲು ಆಗಲಿಲ್ಲ. ಒಳ್ಳೆಯತನ ಪರೀಕ್ಷೆಗೆ ಬೀಳುವ ಜಾಗ ಅಂದೆನಲ್ಲ, ಅದು ಈ ಹೊಸ್ತಿಲು.

ಇಲ್ಲಿಗೆ ಕತೆ ಮುಗಿದಿದ್ದರೆ ಅದು ಹಳೇ ಕತೆಯೇ ಆಗುತ್ತಿತ್ತು. ಮುಂದಿನದು ಹೊಸದು. ಮದುವೆಯಿಂದ ಬಂದ ಗೌಡರ ಮಗನಿಗೆ ವಿಷಯ ಗೊತ್ತಾಗಿ ನಿಜವಾಗಿಯೂ ನೊಂದ. ಅವನು ಒಂದು ಉಪಾಯ ಮಾಡಿದ. ರೂಟರನ್ನು ಮನೆಯಿಂದ ಹೊರಕ್ಕೆ ತಂದು, ಮಳೆ ಬೀಳದ ಹಾಗೆ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಬೀದಿ ಕಡೆಯ ಸೂರಿನ ಕೆಳಗೆ ಮೊಳೆ ಹೊಡೆದು ತೂಗುಹಾಕಿದ. ಪಕ್ಕದಲ್ಲೇ ಒಂದು ಸ್ವಿಚ್ಚು. ಇನ್ನು ಯಾರು ಬೇಕಾದರೂ ಬೀದಿಯಲ್ಲೇ ನಿಂತು ಆರಿಸಿ ಹಾಕಬಹುದು. ಸಿಗ್ನಲ್ಲೂ ಮೊದಲಿಗಿಂತ ಚೆನ್ನಾಗಿ ಬಂತು.

ಎಲ್ಲರೂ ಮೆಚ್ಚಿದರು. ಅಣ್ಣ ಮೆಚ್ಚಿದ. ನಾನೂ ಮೆಚ್ಚಿದೆ. ‘ಬುದ್ಧಿವಂತ ಹುಡುಗ’ ಅಂದೆ.

ಅಣ್ಣನ ಮಗಳು ಆ ಡಬ್ಬಿಯನ್ನೇ ನೋಡುತ್ತಾ ಹೇಳಿದಳು: ‘ಚಿಕ್ಕಪ್ಪ, ನಿಮ್ ಕಾಲದಲ್ಲಿ ಹೋಟ್ಲು ಸೂರಿಗೆ ಲೋಟ ಸಿಕ್ಕಿಸಿರ್ತಿದ್ರು ಅಂತ ಹೇಳ್ತಿದ್ರಲ್ಲ. ಅದೂ ಹಿಂಗೇ ಇತ್ತಾ?’

ನಾನು ಮೇಷ್ಟ್ರು. ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕಸುಬು. ಅವತ್ತು ಉತ್ತರ ಬರಲಿಲ್ಲ.

ಹೌದು, ಹಾಗೇ ಇತ್ತು. ನಮ್ಮ ಅಪ್ಪ ಟೀ ಕುಡಿಯಲು ಹೋದರೆ ಸೂರಿನ ಸಂದಿಯಿಂದ ಲೋಟ ತೆಗೆದು, ತಾನೇ ತೊಳೆದು, ಕೆಳಗಿಡಬೇಕು. ಟೀ ಮೇಲಿಂದ ಬೀಳುತ್ತಿತ್ತು. ಕುಡಿದು, ತೊಳೆದು, ಮತ್ತೆ ಸಿಕ್ಕಿಸಬೇಕು. ಟೀ ಒಳಗೆ ಕೂತವರಿಗೆ ಕೊಟ್ಟದ್ದೇ. ಅದೇ ಹಾಲು, ಅದೇ ಸಕ್ಕರೆ. ಕಾಸೂ ಅಷ್ಟೇ. ಟೀ ಸಿಕ್ಕಿತಲ್ಲ, ಇನ್ನೇನು ಬೇಕು ಅಂತ ಆ ಕಾಲದಲ್ಲೂ ಕೇಳುವವರಿದ್ದರು.

ಮಹಾಡದ ಚೌದಾರ್ ಕೆರೆಯ ಕತೆ ನಿಮಗೆ ಗೊತ್ತು. 1924ರಲ್ಲೇ ಆ ಊರಿನ ಪುರಸಭೆ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ಅಸ್ಪೃಶ್ಯರ ಕೈ ದಡದಿಂದ ದೂರವೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಮುಟ್ಟಿ ಕುಡಿದರು. ಬಾಂಬೆ ಹೈಕೋರ್ಟಿನಿಂದ ತೀರ್ಪು ಬರಲು 1937 ಆಯಿತು. ಅವತ್ತು ಯಾರಾದರೂ ಬುದ್ಧಿವಂತರು ಬಂದು, ಕೆರೆಯಿಂದ ನಿಮ್ಮ ಕೇರಿಗೆ ಒಂದು ಕೊಳಾಯಿ ಹಾಕಿಸಿಕೊಡುತ್ತೇವೆ, ದಡಕ್ಕೆ ಬರಬೇಡಿ ಅಂದಿದ್ದರೆ? ನೀರು ಸಿಗುತ್ತಿತ್ತು. ಮನುಷ್ಯರಾಗುವುದು ಸಿಗುತ್ತಿರಲಿಲ್ಲ.

ನಮ್ಮ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರು ಹಿಡಿದು ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 2019ರಲ್ಲಿ ಕೇರಳ ಹೈಕೋರ್ಟು ಹಾಸ್ಟೆಲಿನ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಒಂದು ಭಾಗ ಅಂತ ಹೇಳಿದೆ. ಎಲ್ಲ ಸರಿ. ಆದರೆ ಯಾವ ಕಾಯಿದೆಯೂ ಮನೆಯ ಹೊಸ್ತಿಲ ಮೇಲೆ ಕೈ ಊರಿ ನಿಂತ ಅಜ್ಜಿಯ ಕೈ ಇಳಿಸಲಾರದು. ಇಳಿಸಬೇಕು ಅಂತಲೂ ನಾನು ಕೇಳುವುದಿಲ್ಲ. ಮನೆ ಅವರದ್ದು. ನಾನು ಕೇಳುವುದು ಇಷ್ಟೇ: ನಮ್ಮ ಹುಡುಗಿ ಒಳಗೆ ಬರಬಾರದು ಅನ್ನುವ ಕಾರಣಕ್ಕೇ ಒಂದು ಹೊಸ ಸೌಕರ್ಯ ಹುಟ್ಟಿದರೆ, ಅದನ್ನು ಹಂಚಿಕೆ ಅನ್ನೋಣವೇ?

5

ಗೌಡರ ಮನೆ ಕತೆಯನ್ನು ಇಷ್ಟು ಹೇಳಿದ ಮೇಲೆ ನಮ್ಮ ಮನೆ ಕತೆಯನ್ನೂ ಹೇಳದಿದ್ದರೆ ಅದು ಅಪ್ರಾಮಾಣಿಕತೆ.

2023ರಲ್ಲಿ ನಮ್ಮ ಕೇರಿಗೆ ಕೇಬಲ್ ಬಂತು. ಅಣ್ಣ, ನಾನು ಸೇರಿ ಕನೆಕ್ಷನ್ ಹಾಕಿಸಿದೆವು. ಸೂರಿನ ಡಬ್ಬಿಯ ಹಂಗು ತೀರಿತು ಅಂತ ಅಣ್ಣ ಅವತ್ತು ಕೋಳಿ ಕುಯ್ದ. ವಾರ ಕಳೆದಿಲ್ಲ, ನಮ್ಮ ಮನೆಯ ಹಿಂದಿನ ಹಟ್ಟಿಯಿಂದ ಇಬ್ಬರು ಮಕ್ಕಳು ಬಂದು ನಿಂತರು. ಪಾಸ್‌ವರ್ಡ್ ಬೇಕಿತ್ತು. ನಮ್ಮ ಮನೆಗೂ ಆ ಹಟ್ಟಿಗೂ ನಡುವೆ ಗಾಡಿಜಾಡೂ ಇಲ್ಲ, ಒಂದು ಬೇಲಿ ಅಷ್ಟೇ. ಆದರೆ ನಾವು ಬಲಗೈ, ಅವರು ಎಡಗೈ.

ಅಣ್ಣ ಹೇಳಿದ: ‘ಎಲ್ರಿಗೂ ಕೊಟ್ರೆ ಸ್ಲೋ ಆಯ್ತದೆ. ನಿಮ್ ಕಡೆಯೋರ್ಗೆ ಹಾಕಿಸ್ಕಳಕ್ಕೆ ಹೇಳಿ.’

ಮಕ್ಕಳು ಹೋದವು. ನಾನು ಅಲ್ಲೇ ಕೂತಿದ್ದೆ. ಅಂಬೇಡ್ಕರ್ ಜಯಂತಿಗೆ ವರ್ಷಾ ವರ್ಷ ಭಾಷಣ ಮಾಡುವವನು, ಬಾಯಿ ಬಿಡಲಿಲ್ಲ. ನಮ್ಮ ವ್ಯವಸ್ಥೆಯ ಕ್ರೂರತನ ಮೇಲಿರುವವರಲ್ಲಿ ಮಾತ್ರ ಇದೆ ಅಂತ ನಂಬುವುದು ನಮಗೆ ಬಹಳ ಸುಖ ಕೊಡುತ್ತದೆ. ಶ್ರೇಣೀಕೃತ ಅಸಮಾನತೆ ಅಂತ ಬಾಬಾಸಾಹೇಬರು ಅಂದದ್ದು ಇದನ್ನೇ. ಪ್ರತಿ ಮೆಟ್ಟಿಲಿಗೂ ತುಳಿಯಲು ಇನ್ನೊಂದು ಮೆಟ್ಟಿಲು ಉಂಟು. ಇಪ್ಪತ್ತೈದು ಅಡಿಯ ದೂರವನ್ನು ನಾನು ಅಳೆದಿದ್ದೆ. ಬೇಲಿಯ ದಪ್ಪವನ್ನು ಅಳೆದಿರಲಿಲ್ಲ.

ಅಳೆದದ್ದು ಹುಡುಗಿ. ಅವಳು ಅಪ್ಪನ ಜೊತೆ ಜಗಳವಾಡಲಿಲ್ಲ. ಸಂಜೆ ಹಟ್ಟಿಗೆ ಹೋಗಿ ಆ ಮಕ್ಕಳ ಅಪ್ಪನನ್ನು ಕರೆದುಕೊಂಡು ಬಂದಳು. ‘ದೊಡ್ಡಪ್ಪ, ಒಳಗ್ ಬನ್ನಿ’ ಅಂತ ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ಮೂರು ಮಾತು ಹೇಳಿದಳು. ಒಂದು, ಬಿಲ್ಲಿನಲ್ಲಿ ಅರ್ಧ ನಿಮ್ಮದು. ಕೂಲಿಯಿಲ್ಲದ ತಿಂಗಳು ಆಗದಿದ್ದರೆ ಬಾಯಿ ಬಿಟ್ಟು ಹೇಳಿ, ಮುಂದಿನ ತಿಂಗಳು ನೋಡೋಣ. ಎರಡು, ಪಾಸ್‌ವರ್ಡ್ ಬದಲಾಯಿಸುವುದಾದರೆ ಎರಡೂ ಮನೆಯವರು ಇರುವಾಗಲೇ. ಯಾರ ಫೋನು ಸೇರಿದೆ ಅಂತ ನೋಡುವುದೂ ಹಾಗೇ. ಮೂರು, ಬಾಕ್ಸು ಒಳಗೇ ಇರುತ್ತದೆ. ಕೆಟ್ಟರೆ ನಿಮ್ಮ ಮಕ್ಕಳು ಒಳಗೆ ಬಂದು ಸರಿಮಾಡಿಕೊಂಡು ಹೋಗಬೇಕು, ನಮ್ಮನ್ನು ಕರೆಯಬೇಕಾಗಿಲ್ಲ.

ಅಣ್ಣ ಮುಖ ಗಂಟುಹಾಕಿಕೊಂಡು ಕೂತಿದ್ದ. ಆ ಮೂರು ಮಾತೂ ತನ್ನ ಮೈಮೇಲಿನ ಗಾಯದಿಂದ ಬಂದವು ಅಂತ ಅವನಿಗೆ ಗೊತ್ತಿತ್ತು. ಇಲ್ಲ ಅನ್ನಲು ಆಗಲಿಲ್ಲ.

ಗೆಳೆಯರೆ, ದಾನಕ್ಕೂ ಪಾಲಿಗೂ ಇರುವ ವ್ಯತ್ಯಾಸವನ್ನು ನಾನು ಪುಸ್ತಕದಲ್ಲಿ ಹುಡುಕುತ್ತಿದ್ದೆ. ಆ ಹುಡುಗಿ ಅದನ್ನು ಮೂರು ಮಾತಿನಲ್ಲಿ ಹೇಳಿದಳು. ಖರ್ಚಿನಲ್ಲಿ ಭಾಗ, ಕೀಲಿಯಲ್ಲಿ ಭಾಗ, ಬಾಗಿಲಿನಲ್ಲಿ ಭಾಗ. ಮೂರರಲ್ಲಿ ಒಂದು ತಪ್ಪಿದರೂ ಅದು ಎಷ್ಟೇ ಪ್ರೀತಿಯಿಂದ ಬಂದರೂ ಮೇಲಿಂದ ಬಿದ್ದದ್ದೇ.

ದೂರದ ನಾಡೊಂದರಲ್ಲಿ ಹಳ್ಳಿ ಜನ ಇದನ್ನು ದೊಡ್ಡದಾಗಿ ಮಾಡಿದ್ದಾರೆ. ಸ್ಪೇನಿನ ಕ್ಯಾಟಲೋನಿಯಾದ ಒಸೋನಾ ಎಂಬ ಸೀಮೆಯಲ್ಲಿ ಕಂಪನಿಗಳು ಹಳ್ಳಿಮನೆಗಳಿಗೆ ಲೈನು ಎಳೆಯಲಿಲ್ಲ ಅಂತ 2004ರಲ್ಲಿ ಜನರೇ ಮನೆಯಿಂದ ಮನೆಗೆ ವೈಫೈ ಆಂಟೆನಾ ಹಾಕಿಕೊಂಡರು. ಗೈಫಿ ಅಂತ ಅದರ ಹೆಸರು. ಇವತ್ತು ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೊಂಡಿಗಳಿವೆ. ಸೇರಿಕೊಳ್ಳುವ ಮನೆ ತನ್ನ ಆಂಟೆನಾ ತಾನು ತರಬೇಕು, ಮಿಕ್ಕವರ ಸಂದೇಶ ತನ್ನ ಮೂಲಕ ಹಾದುಹೋಗಲು ಬಿಡಬೇಕು. ಇಸ್ಕೊಳ್ಳುವ ಮನೆಯೇ ಕೊಡುವ ಮನೆಯೂ ಆಗುತ್ತದೆ. ಇಡೀ ಜಾಲಕ್ಕೆ ಒಬ್ಬ ಒಡೆಯನಿಲ್ಲ. ನಮ್ಮ ತುಮಕೂರಿನ ದೇವರಾಯನದುರ್ಗದ ಕಡೆಯೂ ಜನಸ್ತು ಅನ್ನುವ ಸಂಸ್ಥೆಯವರು ಹಳ್ಳಿಯವರದ್ದೇ ಆದ ಇಂಥ ಜಾಲದ ಪ್ರಯೋಗ ಮಾಡಿದ್ದಾರೆ. ಕಾನೂನಿನ ದಾರಿಯೂ ಇಲ್ಲ ಅಂತಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಒಂದು ಟೀ ಅಂಗಡಿಯೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ನಡೆಸಬಹುದು. ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಮುಟ್ಟಿಸುತ್ತೇವೆ ಅಂತ 2011ರಲ್ಲಿ ಸರಕಾರ ಶುರುಮಾಡಿದ ಯೋಜನೆಯೇ ಮುಂದೆ ಭಾರತ್‌ನೆಟ್ ಆಯಿತು. ಅದು ಪಂಚಾಯ್ತಿ ಕಚೇರಿಗೆ ಬಂದು ನಿಂತರೆ ಸಾಲದು. ಕೇರಿಯ ಅಂಬೇಡ್ಕರ್ ಭವನಕ್ಕೂ, ಹಿಂದಿನ ಹಟ್ಟಿಗೂ ಎಳೆಯಿರಿ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳುವುದು ನಮ್ಮ ಕೆಲಸ. ನೆರೆಮನೆಯವನ ಒಳ್ಳೆಯತನದ ಮೇಲೆ ಒಂದು ಮಗುವಿನ ಓದು ನಿಂತಿರಬಾರದು.

ಅದನ್ನು ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ಬೇಲಿಯಾಚೆಯ ಮಗು ಕಾಯುವುದು ಬೇಡ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಮಧ್ಯಾಹ್ನ, ಅಣ್ಣ ನಡುಮನೆಯಲ್ಲಿ ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಮಲಗಿದ್ದ. ಹಿಂದಿನ ಹಟ್ಟಿಯ ಚಿಕ್ಕ ಹುಡುಗ ಕೆಸರುಗಾಲಲ್ಲಿ ನೆಟ್ಟಗೆ ಒಳಕ್ಕೆ ಬಂದ. ಅಣ್ಣ ನಿದ್ದೆಗಣ್ಣಲ್ಲೇ ಕಾಲು ಮಡಿಸಿಕೊಂಡ. ಹುಡುಗ ಸ್ವಿಚ್ ಆರಿಸಿದ, ಬಾಯಲ್ಲಿ ಹತ್ತರವರೆಗೆ ಎಣಿಸಿದ, ಮತ್ತೆ ಹಾಕಿದ. ಹಸಿರು ದೀಪ ಬರುವವರೆಗೂ ನಿಂತು ನೋಡಿ ಹೊರಟುಹೋದ. ಅಣ್ಣ ಮತ್ತೆ ಕಾಲು ಚಾಚಿದ.